ಕಾಸರಗೋಡಿನಲ್ಲಿ ಮನೆ ಮಾರುವ ಮುಂಚೆ: ಮಾಡು, ಬಾವಿ, ರೆಕಾರ್ಡು

ಪೆರ್ಲ, ಬದಿಯಡ್ಕ, ಮುಳ್ಳೇರಿಯ, ವರ್ಕಾಡಿ ಕಡೆ ಒಂದು ಸುತ್ತು ಹೋದರೆ ಬೀಗ ಹಾಕಿದ ಮನೆಗಳು ಎಷ್ಟೋ ಕಾಣುತ್ತವೆ. ಮಕ್ಕಳು ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ, ಗಲ್ಫಿನಲ್ಲಿ. ಅಪ್ಪ ಅಮ್ಮ ಇರುವಷ್ಟು ದಿನ ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಈಗ ವರ್ಷಕ್ಕೆ ಒಂದೆರಡು ಸಲ ಬಂದು, ಬಾಗಿಲು ತೆಗೆದು, ಗುಡಿಸಿ, ಮತ್ತೆ ಬೀಗ ಹಾಕಿ ಹೋಗುವುದು. ಕೊನೆಗೊಮ್ಮೆ ‘ಮಾರಿಬಿಡೋಣ’ ಅನ್ನುವ ಮಾತು ಬಂದೇ ಬರುತ್ತದೆ. ಅಂಥವರಿಗಾಗಿ ಈ ಬರಹ.

ಮನೆಯನ್ನು ಮಾರಾಟಕ್ಕೆ ಸಜ್ಜು ಮಾಡುವ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ನಗರದ ಫ್ಲ್ಯಾಟ್‌ಗೆ ಹೇಳಿದ್ದು. ಹೊಸ ಪರದೆ, ಹೂದಾನಿ, ಸೋಫಾಕ್ಕೆ ಚಂದದ ದಿಂಬು. ಅದು ಬೇಡ ಅಂತಲ್ಲ. ಆದರೆ ನಮ್ಮ ಕಡೆ ಮನೆ ನೋಡಲು ಬಂದವರು ಕೇಳುವುದು ಮೂರೇ ಮಾತು. ಬೇಸಿಗೆಯಲ್ಲಿ ನೀರು ಉಂಟಾ? ಮಳೆಗೆ ಮಾಡು (ಛಾವಣಿ) ಸೋರುತ್ತದಾ? ರೆಕಾರ್ಡ್ ಸರಿ ಉಂಟಾ? ಈ ಮೂರಕ್ಕೂ ಬಾಯಿಮಾತಿನ ಭರವಸೆ ಸಾಲದು. ಕಣ್ಣಾರೆ ತೋರಿಸುವ ಹಾಗೆ ಮನೆ ಸಿದ್ಧವಾಗಬೇಕು. ಅದಕ್ಕೆ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಬೇಕು. ಅವಸರಕ್ಕೆ ಮಾರಿದರೆ ಜಾಗೆಗೆ ಬೆಲೆ ಸಿಗುತ್ತದೆ, ಮನೆಗೆ ಸಿಗುವುದಿಲ್ಲ. ‘ಹಳೆ ಮನೆ, ಹೇಗೂ ಕೆಡವಬೇಕು’ ಅಂತ ಅದನ್ನು ಲೆಕ್ಕಕ್ಕೇ ಹಿಡಿಯದೆ ಬಿಡುತ್ತಾರೆ.

ಮೊದಲು ಮನೆಯವರ ಒಪ್ಪಿಗೆ

ಪೇಂಟರ್‌ಗೆ ಫೋನ್ ಮಾಡುವ ಮುಂಚೆ ಅಣ್ಣ ತಮ್ಮ, ಅಕ್ಕ ತಂಗಿ ಎಲ್ಲರೂ ಒಂದು ಕಡೆ ಕೂತು ಮಾತಾಡಿ. ಮದುವೆಯಾಗಿ ಹೋದ ಅಕ್ಕನ ಸಹಿಯೂ ಬೇಕು. ಅವರನ್ನು ಕೊನೆಗೆ ಕೇಳಿದರಾಯಿತು ಅಂದುಕೊಂಡ ಕಡೆಯೇ ವ್ಯವಹಾರ ನಿಲ್ಲುವುದು ಜಾಸ್ತಿ. ತೀರಿಕೊಂಡವರ ಹೆಸರಿನಲ್ಲಿ ಜಾಗೆ ಇದ್ದರೆ ತಾಲೂಕು ಆಫೀಸಿನಿಂದ ವಾರಸುದಾರರ ಸರ್ಟಿಫಿಕೇಟ್ ಬೇಕಾಗುತ್ತದೆ. ಗೆಜೆಟ್‌ನಲ್ಲಿ ಪ್ರಕಟಣೆ ಬಂದು, ಆಕ್ಷೇಪಣೆಯ ಅವಧಿ ಮುಗಿದು ಅದು ಕೈಗೆ ಬರಲು ಸಮಯ ಹಿಡಿಯುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಅದಕ್ಕೆ ಅರ್ಜಿ ಹಾಕಿ. ವಾರಸುದಾರರಲ್ಲಿ ಹದಿನೆಂಟು ತುಂಬದ ಮಕ್ಕಳಿದ್ದರೆ ಅವರ ಪಾಲು ಮಾರಲು ಕೋರ್ಟಿನ ಅನುಮತಿ ಬೇಕಾಗಬಹುದು. ವಕೀಲರನ್ನು ಆಗಲೇ ಕಾಣಿ.

ಗಲ್ಫಿನಲ್ಲಿ ಇರುವವರು ಬರಲು ಆಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಕಳಿಸಬಹುದು. ಅದು ಊರಿಗೆ ತಲುಪಿದ ಮೇಲೆ 3 ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಕಪಾಟಿನಲ್ಲಿ ಇಟ್ಟು ಮರೆಯಬೇಡಿ.

ಇನ್ನೊಂದು ಮಾತು ನಮ್ಮ ಕಡೆಯ ಮನೆಗಳಿಗೇ ಸೇರಿದ್ದು. ಹಿತ್ತಿಲಲ್ಲಿ ನಾಗಬನ ಇರುತ್ತದೆ. ಒಳಗೆ ದೈವದ ಕೋಣೆ ಇರುತ್ತದೆ. ವರ್ಷಕ್ಕೊಮ್ಮೆ ತಂಬಿಲಕ್ಕೆ (ನಾಗ, ದೈವಗಳಿಗೆ ಮಾಡುವ ಸೇವೆಗೆ) ಕುಟುಂಬದವರೆಲ್ಲ ಬರುತ್ತಾರೆ. ಇದನ್ನು ಕೊಳ್ಳುವವರಿಗೆ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಹೇಳಿದರೂ ‘ಆಮೇಲೆ ನೋಡೋಣ’ ಅಂದುಬಿಟ್ಟರೆ ಇನ್ನೂ ತಪ್ಪು. ಹಿರಿಯರು, ತಂತ್ರಿಗಳು ಸೇರಿ ಜ್ಯೋತಿಷ ಪ್ರಶ್ನೆ ಇಟ್ಟು ನೋಡುವ ಕ್ರಮ ಇದ್ದರೆ ಅದನ್ನು ಮಾರಾಟದ ಮಾತು ಹೊರಗೆ ಹೋಗುವ ಮುಂಚೆಯೇ ಮುಗಿಸಿ. ಹೆಚ್ಚಿನವರಿಗೆ ದಾರಿ ಎರಡು. ಬನ ಇರುವ ಒಂದೆರಡು ಸೆಂಟ್ಸ್ ಜಾಗೆಯನ್ನು ಮಾರಾಟದಿಂದ ಹೊರಗಿಟ್ಟು, ಅಲ್ಲಿಗೆ ಹೋಗುವ ದಾರಿಯನ್ನು ದಾಖಲೆಯಲ್ಲಿ ಬರೆಸುವುದು ಒಂದು. ವಿಧಿ ಪ್ರಕಾರ ಬೇರೆ ಕಡೆ ಪ್ರತಿಷ್ಠೆ ಮಾಡಿಸುವುದು ಇನ್ನೊಂದು. ನನಗೆ ಕೇಳಿದರೆ ಮೊದಲನೆಯದೇ ಒಳ್ಳೆಯದು. ಬನದ ಮರಗಳೂ ಉಳಿಯುತ್ತವೆ, ಕುಟುಂಬಕ್ಕೂ ಬಂದು ಹೋಗಲು ಒಂದು ಜಾಗ ಇರುತ್ತದೆ. ಕೊಳ್ಳುವವರು ಬೇರೆ ಧರ್ಮದವರಾದರೆ ಇನ್ನೂ ಬಿಡಿಸಿ ಹೇಳಿ. ಮುಂಚೆಯೇ ಗೊತ್ತಿದ್ದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹಳೆ ಕನ್ನಡ ದಾಖಲೆ, ಹೊಸ ಸರ್ವೆ ನಂಬರ್

1956ರ ನವೆಂಬರ್ 1ಕ್ಕೆ ಮುಂಚೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಮೇಲೆ ಕೇರಳಕ್ಕೆ ಬಂದು ಕಣ್ಣೂರು ಜಿಲ್ಲೆಗೆ ಸೇರಿತು. 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು. 2014ರಲ್ಲಿ ಮಂಜೇಶ್ವರ ತಾಲೂಕು ಬೇರೆಯಾಯಿತು. ಅಂದರೆ ಪೈವಳಿಕೆಯ ಒಂದೇ ಮನೆಯ ಕಾಗದಗಳಲ್ಲಿ ಜಿಲ್ಲೆ, ತಾಲೂಕಿನ ಹೆಸರು ಒಂದೊಂದರಲ್ಲಿ ಒಂದೊಂದು ಇರಬಹುದು. ಅಜ್ಜನ ಕಾಲದ ದಾಖಲೆ ಕನ್ನಡದ ಕೈಬರಹದಲ್ಲಿರುತ್ತದೆ, ಈಚಿನದು ಮಲಯಾಳದಲ್ಲಿ. ನಮಗೆ ಇದು ಸಹಜ. ಪಯ್ಯನ್ನೂರಿನಿಂದ ಬಂದ ಗಿರಾಕಿಗೆ, ಅವರ ಬ್ಯಾಂಕಿನ ವಕೀಲರಿಗೆ ಸಹಜ ಅಲ್ಲ. ಓದಲಾಗದ ಕಾಗದ ಕಂಡರೆ ಅವರಿಗೆ ಸಂಶಯ ಬರುತ್ತದೆ. ಎರಡೂ ಭಾಷೆ ಬಲ್ಲ ದಸ್ತಾವೇಜು ಬರಹಗಾರರಿಂದ ಹಳೆ ಕನ್ನಡ ದಾಖಲೆಗೆ ಮಲಯಾಳ ಅನುವಾದ ಮಾಡಿಸಿ ಮೂಲದ ಜೊತೆಗೇ ಇಡಿ. ಹಳೆ ಕೈಬರಹ ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮನೆ ಮಾರದಿದ್ದರೂ ಈ ಕೆಲಸ ಈಗಲೇ ಮಾಡಿಸುವುದು ಒಳ್ಳೆಯದು.

ಫೈಲಿನಲ್ಲಿ ಇರಬೇಕಾದವು: ಮೂಲ ದಾಖಲೆ ಮತ್ತು ಅದರ ಹಿಂದಿನ ದಾಖಲೆಗಳು, ಗೇಣಿ ಜಾಗೆಯಾಗಿದ್ದರೆ ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಪಟ್ಟೆ, ಈ ವರ್ಷದ ಭೂತೆರಿಗೆ ರಶೀದಿ, ವಿಲ್ಲೇಜ್ ಆಫೀಸಿನ ಕೈವಶ ಸರ್ಟಿಫಿಕೇಟ್ ಮತ್ತು ಲೊಕೇಶನ್ ಸ್ಕೆಚ್, ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಋಣಭಾರ ಸರ್ಟಿಫಿಕೇಟ್, ಪಂಚಾಯತಿನ ಕಟ್ಟಡ ತೆರಿಗೆ ರಶೀದಿ ಮತ್ತು ಓನರ್‌ಶಿಪ್ ಸರ್ಟಿಫಿಕೇಟ್. ಹಳೆ ಹಂಚಿನ ಮನೆಗೆ ಪಾಸಾದ ಪ್ಲಾನ್ ಇರುವುದು ಅಪರೂಪ. ಕೊನೆಯ ಎರಡು ಕಾಗದ ಅದಕ್ಕೇ ಮುಖ್ಯ. ವಿಲ್ಲೇಜ್ ಆಫೀಸಿಗೆ ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು. ಭಾಷಾ ಅಲ್ಪಸಂಖ್ಯಾತರಾಗಿ ಅದು ನಮ್ಮ ಹಕ್ಕು. ಸಂಕೋಚ ಬೇಡ.

ಎರಡು ಕಡೆ ಜಾಸ್ತಿ ಗಮನ ಕೊಡಿ. ಒಂದು, ಅಳತೆ. ಹಳೆ ದಾಖಲೆಯಲ್ಲಿ ಎಕ್ರೆ, ಸೆಂಟ್ಸ್. ಈಗಿನ ತೆರಿಗೆ ರಶೀದಿಯಲ್ಲಿ ಹೆಕ್ಟೇರ್, ಆರ್. ಒಂದು ಆರ್ ಅಂದರೆ ಸುಮಾರು 2.47 ಸೆಂಟ್ಸ್. ಎರಡನ್ನೂ ತಾಳೆ ಹಾಕಿ ನೋಡಿ. ವ್ಯತ್ಯಾಸ ಇದ್ದರೆ ಸರ್ವೆ ಮಾಡಿಸಿ ಗಡಿಕಲ್ಲು ತೋರಿಸುವ ಹಾಗೆ ಮಾಡಿ. 2024ರ ಅಕ್ಟೋಬರ್‌ನಲ್ಲಿ ಕೇರಳದ ‘ಎಂಡೆ ಭೂಮಿ’ ಪೋರ್ಟಲ್ ಮೊದಲು ಜಾರಿಗೆ ಬಂದದ್ದು ನಮ್ಮದೇ ಜಿಲ್ಲೆಯ ಉಜಾರುಳುವಾರು ಗ್ರಾಮದಲ್ಲಿ. ರಿಜಿಸ್ಟ್ರೇಷನ್, ರೆವೆನ್ಯೂ, ಸರ್ವೆ ಮೂರೂ ಇಲಾಖೆಯ ಕೆಲಸ ಅದರಲ್ಲಿ ಒಂದೇ ಕಡೆ ಸೇರಿದೆ. ಡಿಜಿಟಲ್ ಸರ್ವೆ ಮುಗಿದು ಈ ಪೋರ್ಟಲ್‌ಗೆ ಸೇರಿದ ಗ್ರಾಮಗಳಲ್ಲಿ ರಿಜಿಸ್ಟ್ರಿಗೆ ಮುಂಚೆಯೇ ಸ್ಕೆಚ್ ಬೇಕು. ನಿಮ್ಮ ಗ್ರಾಮ ಅದರಲ್ಲಿ ಉಂಟಾ ಅಂತ ವಿಲ್ಲೇಜ್ ಆಫೀಸಿನಲ್ಲಿ ಕೇಳಿಕೊಳ್ಳಿ.

ಎರಡು, ಜಾಗೆಯ ತರ. ತಲೆತಲಾಂತರದಿಂದ ಅಡಿಕೆ ತೋಟ ಇದ್ದರೂ ರೆಕಾರ್ಡಿನಲ್ಲಿ ಗದ್ದೆ ಅಂತಲೇ ಇರಬಹುದು. ಕೇರಳದ 2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆ ಬಿಗಿಯಾದದ್ದು. ಕೊಂಡವರು ಅಲ್ಲಿ ಮನೆ ಕಟ್ಟಲು ಹೊರಟಾಗ ಪರ್ಮಿಟ್ ಸಿಗದೆ ಹೋಗಬಹುದು. ಡೇಟಾ ಬ್ಯಾಂಕಿನಲ್ಲಿ (ಈ ಕಾಯ್ದೆಯಡಿ ಮಾಡಿದ ಗದ್ದೆ, ಜೌಗು ಭೂಮಿಯ ಪಟ್ಟಿಯಲ್ಲಿ) ನಿಮ್ಮ ಸರ್ವೆ ನಂಬರ್ ಇದೆಯಾ ಅಂತ ಮೊದಲೇ ನೋಡಿ. ಇದ್ದರೆ ಕೊಳ್ಳುವವರಿಗೆ ಹೇಳಿಬಿಡಿ.

ಮಳೆಗಾಲದಲ್ಲಿ ಮಾಡಿನ ಕೆಳಗೆ ನಿಲ್ಲಿ

ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ ನಮ್ಮದು. ಮನೆಯಲ್ಲಿ ತಪ್ಪು ಎಲ್ಲಿದೆ ಅಂತ ಜುಲೈ ತಿಂಗಳು ತಾನೇ ತೋರಿಸಿಕೊಡುತ್ತದೆ. ರಜೆ ಹಾಕಿ ಬರುವುದಾದರೆ ಆಗ ಬನ್ನಿ. ದೊಡ್ಡ ಮಳೆ ಹೊಡೆಯುವಾಗ ಟಾರ್ಚ್ ಹಿಡಿದು ಅಟ್ಟ ಹತ್ತಿ. ನೀರು ಕೆಳಗೆ ಬೀಳುವ ಜಾಗ ಒಂದು, ಮೇಲೆ ಒಳಗೆ ನುಗ್ಗುವ ಜಾಗ ಇನ್ನೊಂದು. ಹಂಚು ಕೂರುವ ರೀಪಿನ ಮೇಲೆ ಹರಿದು, ಅದನ್ನು ಹೊತ್ತ ಇಳಿಜಾರು ಮರದ, ಅಂದರೆ ಪಕ್ಕಾಸಿನ, ಉದ್ದಕ್ಕೆ ಇಳಿದು, ನಾಲ್ಕಡಿ ಆಚೆ ತೊಟ್ಟಿಕ್ಕುತ್ತದೆ. ಟಾರ್ಚಿನ ಬೆಳಕಿನಲ್ಲಿ ಒದ್ದೆಯ ಗೆರೆ ಹಿಡಿದು ಹಿಂದಕ್ಕೆ ಹೋದರೆ ಒಡೆದ ಹಂಚು ಸಿಗುತ್ತದೆ. ಅಲ್ಲಿ ಪಕ್ಕಾಸಿಗೆ ಚಾಕ್‌ಪೀಸಿನಿಂದ ಗುರುತು ಹಾಕಿ. ನವೆಂಬರಿನಲ್ಲಿ ಹಂಚು ಕೈಯಾಡಿಸಲು ಬಂದವರಿಗೆ ಆ ಗುರುತೇ ಸಾಕು. ಮಳೆಗಾಲದಲ್ಲಿ ಬರಲು ಆಗದವರು ಬಿಸಿಲು ನೆತ್ತಿಗೆ ಬಂದಾಗ ಅಟ್ಟ ಹತ್ತಿ ಕತ್ತಲೆ ಮಾಡಿ ನೋಡಿ. ಬೆಳಕಿನ ಚುಕ್ಕೆ ಕಂಡ ಕಡೆ ನೀರಿಗೂ ದಾರಿ ಇದೆ.

ಅಟ್ಟದಲ್ಲಿ ಇರುವಾಗಲೇ ಮರಗಳನ್ನೂ ತಟ್ಟಿ ನೋಡಿ. ಗೆದ್ದಲು ತಿಂದ ಪಕ್ಕಾಸು ಟೊಳ್ಳು ಸದ್ದು ಕೊಡುತ್ತದೆ. ತಿಂದದ್ದನ್ನು ಬದಲಿಸಿ, ಉಳಿದದ್ದಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಕೊಡಿ. ಅದು ಚರ್ಮ ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ. ವಾಸನೆಯೂ ಬೇಗ ಹೋಗುವುದಿಲ್ಲ. ಹಾಗಾಗಿ ಮನೆ ತೋರಿಸುವುದಕ್ಕೆ ಒಂದು ತಿಂಗಳಾದರೂ ಮುಂಚೆ ಈ ಕೆಲಸ ಮುಗಿದಿರಲಿ. ಹಂಚಿನ ಪಾಚಿ ತೆಗೆಯಲು ಪ್ರೆಷರ್ ವಾಷರ್ ಬೇಡ. ನೀರಿನ ರಭಸಕ್ಕೆ ಹಳೆ ಹಂಚು ಸರಿದು ಹೊಸ ಸೋರಿಕೆ ಶುರುವಾಗುತ್ತದೆ. ಗಟ್ಟಿ ಬ್ರಷ್ಷಿನಲ್ಲಿ ಕೈಯಲ್ಲೇ ಉಜ್ಜಿಸಿ.

ಒಂದು ಚಿಕ್ಕ ಖರ್ಚು ಮಾತ್ರ ಖಂಡಿತ ಮಾಡಿ. ಕತ್ತಲೆ ಇರುವ ಅಡುಗೆಮನೆ, ನಡುಕೋಣೆಯ ಮೇಲೆ ಎರಡೆರಡು ಗಾಜಿನ ಹಂಚು ಹಾಕಿಸಿ. ಹಳೆ ಮನೆ ನೋಡಲು ಬಂದವರು ಒಳಗೆ ಕಾಲಿಟ್ಟ ಕೂಡಲೇ ಹೇಳುವುದು ‘ಕತ್ತಲೆ’ ಅಂತ. ನೂರಾರು ರೂಪಾಯಿಯ ಬಲ್ಬ್ ಹಾಕಿದರೂ ಹೋಗದ ಆ ಮಾತು ಗಾಜಿನ ಹಂಚಿನಿಂದ ಹೋಗುತ್ತದೆ.

ಗೋಡೆಗೆ ಅವಸರ ಮಾಡಬೇಡಿ

ಗೋಡೆಯ ಮುರಕಲ್ಲು (ಕೆಂಪುಕಲ್ಲು) ನೆಲದ ತೇವವನ್ನು ಮೇಲಕ್ಕೆ ಎಳೆಯುತ್ತದೆ. ಗೋಡೆಯ ಬುಡದಲ್ಲಿ ಎರಡು ಮೂರು ಅಡಿ ಎತ್ತರಕ್ಕೆ ಪೇಂಟ್ ಉಬ್ಬಿ, ಬಿಳಿ ಉಪ್ಪು ಹೂವಿನ ಹಾಗೆ ಬಂದಿದ್ದರೆ ಕಾರಣ ಇದೇ. ಇದರ ಮೇಲೆ ಪುಟ್ಟಿ ಹಾಕಿ ಎಮಲ್ಶನ್ ಬಳಿಸುವವರು ಬಹಳ ಮಂದಿ. ಜನವರಿಯಲ್ಲಿ ಚಂದ ಕಾಣುತ್ತದೆ. ತೇವ ಒಳಗೇ ಸಿಕ್ಕಿಬಿದ್ದು ಮುಂದಿನ ಮಳೆಗೆ ಪದರ ಪದರವಾಗಿ ಕಿತ್ತು ಬರುತ್ತದೆ. ಅಷ್ಟರಲ್ಲಿ ಮಾರಿ ಆಗಿರುತ್ತದೆ ಅನ್ನುವ ಲೆಕ್ಕ ಬೇಡ. ಊರು ಚಿಕ್ಕದು. ಕೊಂಡವರು ನಾಳೆ ನಿಮ್ಮ ಚಿಕ್ಕಪ್ಪನ ಪಕ್ಕದ ಮನೆಯವರು.

ಸರಿಯಾದ ಕ್ರಮ ನಿಧಾನದ್ದು. ಗೋಡೆಗೆ ತಾಗಿ ಗುಡ್ಡೆ ಬಿದ್ದ ಮಣ್ಣನ್ನು ಪಂಚಾಂಗಕ್ಕಿಂತ (ಗೋಡೆಯ ಅಡಿಯ ಕಟ್ಟೆಗಿಂತ) ಕೆಳಗೆ ಇಳಿಸಿ. ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳದ ಹಾಗೆ ದಂಬೆ (ನೀರು ಹರಿಯುವ ದೋಣಿ) ಸರಿ ಮಾಡಿಸಿ, ಸುತ್ತ ಚರಂಡಿ ತೆಗೆಸಿ. ಉಬ್ಬಿದ ಗಾರೆ ಕೆರೆದು ಮಾರ್ಚ್‌ವರೆಗೆ ಗೋಡೆ ಒಣಗಲು ಬಿಡಿ. ಆಮೇಲೆ ಸುಣ್ಣದ ಗಾರೆ, ಸುಣ್ಣದ ಬಣ್ಣ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ. ತೋಟದ ಮನೆಗಳ ಜಗಲಿ ಗೋಡೆಯಲ್ಲಿ, ಟ್ಯಾಂಕಿನ ಪಕ್ಕ ಅಡಿಕೆಗೆ ಬಿಡುವ ಬೋರ್ಡೋ ದ್ರಾವಣದ ನೀಲಿ ಕಲೆ ಇದ್ದೇ ಇರುತ್ತದೆ. ನಮಗೆ ಕಂಡು ಕಂಡು ರೂಢಿ. ಹೊರಗಿನವರ ಕಣ್ಣಿಗೆ ಮೊದಲು ಬೀಳುವುದೇ ಅದು. ಅಲ್ಲೊಂದು ಕೈ ಜಾಸ್ತಿ ಬಳಿಯಿರಿ.

ಕಾವಿ ನೆಲ, ರೆಡ್ ಆಕ್ಸೈಡ್ ನೆಲ ಇದ್ದರೆ ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಿಸಬೇಡಿ. ಹಣವೂ ಹಾಳು, ನೆಲವೂ ಹಾಳು. ಈಗ ಅಂಥ ನೆಲವನ್ನೇ ಹುಡುಕಿಕೊಂಡು ಬರುವವರು ಇದ್ದಾರೆ. ಆಸಿಡ್ ತಾಗಿಸಬೇಡಿ, ಬಣ್ಣ ಹೋಗುತ್ತದೆ. ನೀರಿನಲ್ಲಿ ಉಜ್ಜಿ ತೊಳೆದು, ಒಣಗಿದ ಮೇಲೆ ಬಟ್ಟೆಯಲ್ಲಿ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ಒರೆಸಿ. ಜಾಸ್ತಿಯಾದರೆ ಜಾರುತ್ತದೆ.

ಏಪ್ರಿಲ್ ತಿಂಗಳ ಬಾವಿ

ಡಿಸೆಂಬರಿನಲ್ಲಿ ಬಾವಿ ತುಂಬಿರುವುದನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು. ಏಪ್ರಿಲ್ ಕೊನೆಗೆ ನೀರು ಎಷ್ಟಿದೆ ಅಂತ ಅಳೆದು, ದಿನಾಂಕ ಕಾಣುವ ಹಾಗೆ ಫೋಟೋ ತೆಗೆದಿಡಿ. ಪಂಪ್ ಹಾಕಿ ಒಂದು ಗಂಟೆ ನೀರು ತೆಗೆದು, ಮತ್ತೆ ಮೊದಲಿನ ಮಟ್ಟಕ್ಕೆ ಬರಲು ಎಷ್ಟು ಹೊತ್ತು ಬೇಕು ಅಂತ ಬರೆದಿಡಿ. ಮಳೆಗಾಲದಲ್ಲಿ ಮನೆ ತೋರಿಸಬೇಕಾಗಿ ಬಂದರೆ ಈ ಎರಡು ದಾಖಲೆ ನಿಮ್ಮ ಕೈಯಲ್ಲಿ ಇರುತ್ತದೆ. ಕೆಸರು ತೆಗೆಸುವುದೂ ಆಗಲೇ. ಆಮೇಲೆ ನೀರನ್ನು ವಾಟರ್ ಅಥಾರಿಟಿಯ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಮುರಕಲ್ಲಿನ ನೆಲದ ನೀರು ಸ್ವಲ್ಪ ಆಮ್ಲೀಯ ಇರುವುದು ಸಾಮಾನ್ಯ. ಅದಕ್ಕೆ ಹೆದರಬೇಕಾಗಿಲ್ಲ. ಕೋಲಿಫಾರ್ಮ್ ಬ್ಯಾಕ್ಟೀರಿಯಾ ಕಂಡರೆ ಮಾತ್ರ ಶೌಚಾಲಯದ ಗುಂಡಿ ಎಷ್ಟು ದೂರ ಇದೆ ಅಂತ ನೋಡಿ. ಕೇರಳದ ಕಟ್ಟಡ ನಿಯಮದ ಪ್ರಕಾರ ಕುಡಿಯುವ ನೀರಿನ ಬಾವಿಗೂ ಗುಂಡಿಗೂ 7.5 ಮೀಟರ್ ಅಂತರ ಬೇಕು.

ಬಾಯಾರು, ಪಡ್ರೆ, ಎಣ್ಮಕಜೆ ಕಡೆಯವರಾದರೆ ನಿಮ್ಮ ಹಿತ್ತಿಲ ಗುಡ್ಡೆಯಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗ ಇರುವ ಸಾಧ್ಯತೆ ಜಾಸ್ತಿ. ಇದನ್ನು ಹಿತ್ತಿಲಲ್ಲಿ ಇರುವ ಏನೋ ಒಂದು ಅಂತ ಬಿಡಬೇಡಿ. ಕರೆಂಟ್ ಇಲ್ಲದೆ, ಪಂಪ್ ಇಲ್ಲದೆ ಗುಡ್ಡೆಯ ಹೊಟ್ಟೆಯಿಂದ ನೀರು ತಾನಾಗಿ ಅಂಗಳಕ್ಕೆ ಬರುತ್ತದೆ. ಇಂಥದ್ದು ಬೇರೆ ಊರಿನವರು ಕಂಡೇ ಇರುವುದಿಲ್ಲ. ಸುರಂಗದ ಬಾಯಿಯ ಹತ್ತಿರದ ಬಲ್ಲೆ (ಪೊದೆ) ಕಡಿಸಿ, ನಡೆದು ಹೋಗುವ ದಾರಿ ಮಾಡಿಸಿ, ನೀರು ಬೀಳುವ ದಂಬೆ ಹೊಸದು ಇಡಿ. ಕೊಡ ತುಂಬಲು ಎಷ್ಟು ನಿಮಿಷ ಅಂತ ಅವರ ಎದುರೇ ತೋರಿಸಿ. ಒಳಗೆ ಮಾತ್ರ ಯಾರನ್ನೂ ಬಿಡಬೇಡಿ. ಮಣ್ಣು ಕುಸಿಯುವ ಅಪಾಯ ಇದೆ, ಗಾಳಿಯೂ ಕಮ್ಮಿ. ಸುರಂಗ ಪಕ್ಕದವರ ಜಾಗೆಯ ಕೆಳಗೆ ಹೋಗಿದ್ದರೆ, ಕೆರೆಯ ನೀರನ್ನು ದಾಯಾದಿಗಳ ಜೊತೆ ಸರದಿಯಲ್ಲಿ ಬಿಡುವುದಾದರೆ ಆ ಹಕ್ಕು ಬಾಯಿಮಾತಿನಲ್ಲಿ ನಿಲ್ಲಬಾರದು. ಮಾರಾಟದ ದಾಖಲೆಯಲ್ಲಿ ಬರೆಸಿ. ಜೀಪು ಬರುವ ದಾರಿಯೂ ಹಾಗೆಯೇ. ಪಕ್ಕದವರ ತೋಟದ ಅಂಚಿನಲ್ಲಿ ದಾರಿ ಇದ್ದರೆ ಎಷ್ಟು ಅಗಲ, ಯಾರ ಒಪ್ಪಿಗೆ ಅನ್ನುವ ಕಾಗದ ಮೊದಲೇ ಮಾಡಿಕೊಳ್ಳಿ. ಬ್ಯಾಂಕ್ ಸಾಲಕ್ಕೆ ಹೋದವರಿಗೆ ಇದು ಬೇಕೇ ಬೇಕು.

ಒಳಗಿನ ಸಾಮಾನು

ಮುಚ್ಚಿಟ್ಟ ಮನೆಯ ದೊಡ್ಡ ಶತ್ರು ವಾಸನೆ. ಬಾವಲಿ, ಹಳೆ ಹಾಸಿಗೆ, ಗೋಣಿ, ಅಡಿಕೆ ಸಿಪ್ಪೆ ಎಲ್ಲ ಸೇರಿದ ವಾಸನೆ. ರೂಮ್ ಫ್ರೆಶ್‌ನರ್‌ಗೆ ಅದು ಹೋಗುವುದಿಲ್ಲ. ಹಾಸಿಗೆ, ಗೋಣಿ ಹೊರಗೆ ಹಾಕಿ, ನಂಬಿಕೆಯ ಒಬ್ಬರಿಗೆ ಸಂಬಳ ಕೊಟ್ಟು ಒಂದು ತಿಂಗಳು ದಿನಾ ಬೆಳಗ್ಗೆ ಕಿಟಕಿ ತೆಗೆಸಿ, ಒಲೆಗೆ ಬೆಂಕಿ ಹಾಕಿಸಿ.

ಪೂರ್ತಿ ಖಾಲಿ ಮಾಡುವುದೂ ಸರಿಯಲ್ಲ. ಖಾಲಿ ಕೋಣೆ ಚಿಕ್ಕದಾಗಿ ಕಾಣುತ್ತದೆ, ಗೋಡೆಯ ಬಿರುಕೇ ಎದ್ದು ಕಾಣುತ್ತದೆ. ಚಾವಡಿಯಲ್ಲಿ ಉಯ್ಯಾಲೆ, ಒಂದು ಬೆಂಚು. ಮಲಗುವ ಕೋಣೆಯಲ್ಲಿ ಮಂಚ ಒಂದೇ. ಅಡುಗೆಮನೆಯ ಮಸಿ ಕೆರೆದು, ಒಲೆಕಟ್ಟೆ ಖಾಲಿ ಇಡಿ. ಅಪ್ಪ ಅಮ್ಮನ ಹಾರ ಹಾಕಿದ ಫೋಟೋಗಳನ್ನು ಮನೆ ತೋರಿಸಲು ಶುರು ಮಾಡುವ ಮುಂಚೆ ಮನೆಯವರೇ ಕೈಯಾರೆ ಇಳಿಸಿ ತೆಗೆದುಕೊಂಡು ಹೋಗಿ. ಕೆಲಸದವರ ಕೈಗೆ ಬಿಡಬೇಡಿ.

ಯಾವುದು ಮನೆಯ ಜೊತೆ ಹೋಗುತ್ತದೆ, ಯಾವುದು ಇಲ್ಲ ಅಂತ ಪಟ್ಟಿ ಮಾಡಿ. ಬಚ್ಚಲಿನ ತಾಮ್ರದ ಹಂಡೆ, ಕಡೆಯುವ ಕಲ್ಲು, ಉಯ್ಯಾಲೆ, ಪಂಪ್. ಲಕ್ಷಗಟ್ಟಲೆ ವ್ಯವಹಾರ ಒಂದು ಹಂಡೆಯ ಮಾತಿಗೆ ಕಹಿಯಾಗುವುದುಂಟು. ನಿಮಗೆ ಬೇಕಾದ್ದನ್ನು ಮೊದಲೇ ಸಾಗಿಸಿ. ಕಂಡ ಮೇಲೆ ಅವರಿಗೂ ಆಸೆ ಆಗುತ್ತದೆ, ಅಲ್ವಾ? ಅಂಗಳದ ಹಲಸು, ಮಾವು ಮಾತ್ರ ಕಡಿದು ಮಾರಬೇಡಿ. ನೆರಳು ಹೋದರೆ ಮನೆಯ ಕಳೆಯೇ ಹೋಗುತ್ತದೆ.

ಬೆಲೆ, ಜಾಹೀರಾತು, ತೋರಿಸುವ ದಿನ

ಬೆಲೆ ಹೇಳುವಾಗ ಒಂದು ಲೆಕ್ಕ ತಲೆಯಲ್ಲಿರಲಿ. ಕೇರಳದಲ್ಲಿ ಮುದ್ರಾಂಕ ಶುಲ್ಕ 8%, ರಿಜಿಸ್ಟ್ರೇಷನ್ ಫೀಸ್ 2%. ರೂಢಿಯಲ್ಲಿ ಇದು ಕೊಳ್ಳುವವರ ಖರ್ಚು. 40 ಲಕ್ಷದ ಮನೆಗೆ ಅವರು ಇನ್ನೂ 4 ಲಕ್ಷ ಹೊಂದಿಸಬೇಕು. ಅವರು ಚೌಕಾಶಿ ಮಾಡುವುದು ಯಾಕೆ ಅಂತ ಅರ್ಥವಾಗುತ್ತದೆ. ಜಾಗೆಯ ಸರ್ಕಾರಿ ಫೇರ್ ವ್ಯಾಲ್ಯೂ ರಿಜಿಸ್ಟ್ರೇಷನ್ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅದು ಶುಲ್ಕಕ್ಕೆ ಇಟ್ಟ ಲೆಕ್ಕ, ಮಾರುಕಟ್ಟೆ ಬೆಲೆ ಅಲ್ಲ.

ಜಾಹೀರಾತನ್ನು ಕನ್ನಡ, ಮಲಯಾಳ ಎರಡರಲ್ಲೂ ಕೊಡಿ. ಮಂಜೇಶ್ವರ, ಉಪ್ಪಳದ ಮನೆಯಾದರೆ ದೇರಳಕಟ್ಟೆ, ಮಂಗಳೂರಿನಲ್ಲಿ ಕೆಲಸ ಮಾಡುವವರಿಗೆ ತಲುಪುವ ಹಾಗೆ ನೋಡಿ. ಫೋಟೋ ಬೆಳಗ್ಗಿನ ಎಳೆಬಿಸಿಲಿನಲ್ಲಿ ತೆಗೆಯಿರಿ. ರಸ್ತೆಯಿಂದ ಮನೆಗೆ ಬರುವ ದಾರಿಯ ಫೋಟೋ ಬಿಡಬೇಡಿ. ದಾಖಲೆ ಪತ್ರಗಳ ಫೋಟೋ ಮಾತ್ರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

ನೋಡಲು ಬಂದವರಿಗೆ ಮೊದಲು ಬಾವಿ ತೋರಿಸಿ, ಆಮೇಲೆ ಮನೆ. ಕುಡಿಯಲು ಅದೇ ಬಾವಿಯ ನೀರು ಕೊಡಿ. ಜೊತೆಗೊಂದು ಲೋಟ ಮಜ್ಜಿಗೆ. ನಾಯಿ ಕಟ್ಟಿರಲಿ. ಮನೆಯವರೆಲ್ಲ ಹಿಂದೆ ಹಿಂದೆ ಹೋಗಬೇಡಿ. ಒಬ್ಬರು ಸಾಕು. ಒಂದು ಸುತ್ತು ಆದ ಮೇಲೆ ಅವರನ್ನೇ ಬಿಟ್ಟು ಜಗಲಿಯಲ್ಲಿ ಕೂರಿ. ತಮ್ಮೊಳಗೆ ಮಾತಾಡಲು ಅವರಿಗೆ ಜಾಗ ಬೇಕು. ಸೋರುತ್ತಿದ್ದ ಜಾಗ ಕೇಳಿದರೆ ಏನು ರಿಪೇರಿ ಮಾಡಿದ್ದು ಅಂತ ತೋರಿಸಿ.

ಮಾತು ಕುದುರಿದರೆ ಅಡ್ವಾನ್ಸ್ ಚೆಕ್ಕಿನಲ್ಲೋ ಬ್ಯಾಂಕ್ ಮೂಲಕವೋ ತೆಗೆದುಕೊಂಡು ಕರಾರು ಬರೆಸಿ. ಜಾಗೆ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವ ಹಾಗಿಲ್ಲ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು 1% ಟಿಡಿಎಸ್ (ಹಣ ಕೊಡುವಾಗಲೇ ಕಡಿಯುವ ಆದಾಯ ತೆರಿಗೆ) ಹಿಡಿಯುತ್ತಾರೆ. ಮಾರುವವರಲ್ಲಿ ಯಾರಾದರೂ ಎನ್‌ಆರ್‌ಐ ಇದ್ದರೆ ಅವರ ಪಾಲಿಗೆ ಈ ಮಿತಿ ಇಲ್ಲ, ದರವೂ ಜಾಸ್ತಿ. ಗಲ್ಫಿನಲ್ಲಿರುವ ತಮ್ಮನಿಗೆ ಇದನ್ನು ಪಾಲು ಮಾಡುವ ಮುಂಚೆಯೇ ಹೇಳಿ, ಒಮ್ಮೆ ಆಡಿಟರ್ ಹತ್ತಿರ ಕೂತು ಲೆಕ್ಕ ಹಾಕಿಸಿ.

ರಿಜಿಸ್ಟ್ರಿ ದಿನ ಕೀ ಕೊಡುವಾಗ ಕರೆಂಟ್ ಮೀಟರಿನ ರೀಡಿಂಗ್ ಫೋಟೋ ತೆಗೆದು, ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಕನೆಕ್ಷನ್ ಹೆಸರು ಬದಲಾವಣೆಯ ಅರ್ಜಿಗೆ ಸಹಿ ಹಾಕಿ ಕೊಡಿ. ಪಂಚಾಯತಿನ ಕಟ್ಟಡ ತೆರಿಗೆಯ ಹೆಸರು ಬದಲಿಸಲೂ ಅವರಿಗೆ ನಿಮ್ಮ ಸಹಾಯ ಬೇಕಾಗುತ್ತದೆ. ಬಾವಿ ಕೆಸರು ತೆಗೆಯುವವರು, ಹಂಚು ಕೈಯಾಡಿಸುವವರು, ತೆಂಗು ಅಡಿಕೆ ಕೊಯ್ಯುವವರು ಇವರ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು, ಅವರ ಒಪ್ಪಿಗೆ ಕೇಳಿ, ಕೀ ಜೊತೆಗೇ ಕೊಡಿ.